ಬಿಡಾರದ ವಿಳಾಸ

ನಮ್ಮ ಮಹಾಲಿಂಗಪುರ ಇದ್ದಲ್ಲಿಯೇ ಇದೆ. ಮಹಾಲಿಂಗೇಶ್ವರನ ಗುಡಿಯಾಗಲಿ, ಬೆಲ್ಲದ ಪೇಟೆಯಾಗಲಿ, ಮಗ್ಗಗಳ ಸದ್ದಿನಲ್ಲಿ ಮುಳುಗಿದ ಓಣಿಗಳಾಗಲಿ ಎದ್ದು ಬೇರೆಲ್ಲಿಗೂ ಹೋಗಿಲ್ಲ. ಆದರೆ ಊರಿನ ವಿಳಾಸ ಮಾತ್ರ ಒಂದೆಡೆ ನಿಂತದ್ದಿಲ್ಲ. ಹಿಂದೆ ಇದರ ಹೆಸರು ನರಗಟ್ಟಿ ಎಂದಿತ್ತೆಂದು ಹಿರಿಯರು ಹೇಳುವರು. ಘೋರ್ಪಡೆ ಮನೆತನದವರು ಆಳುತ್ತಿದ್ದ ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಊರು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ ವಿಜಾಪುರ ಜಿಲ್ಲೆಯದಾಯಿತು. 1956ರಲ್ಲಿ ಮೈಸೂರು ರಾಜ್ಯದ್ದಾಯಿತು. 1973ರಲ್ಲಿ ಆ ರಾಜ್ಯವೇ ಕರ್ನಾಟಕವೆಂಬ ಹೆಸರು ತಳೆಯಿತು. 1997ರಲ್ಲಿ ಬಾಗಲಕೋಟೆ ಜಿಲ್ಲೆ ಹುಟ್ಟಿತು. ಈಚೆಗೆ ಮುಧೋಳ ತಾಲೂಕನ್ನು ಬಿಟ್ಟು ರಬಕವಿ-ಬನಹಟ್ಟಿ ತಾಲೂಕಿಗೆ ಬಂದೆವು. ಸಂಸ್ಥಾನದ ಕಾಲದಲ್ಲಿ ಹುಟ್ಟಿದ ಮುದುಕನೊಬ್ಬ ತನ್ನ ಮನೆಯ ಕಟ್ಟೆಯಿಂದ ಕೆಳಗಿಳಿಯದೆಯೇ ಇಷ್ಟೆಲ್ಲ ವಿಳಾಸಗಳಲ್ಲಿ ಬಾಳಿದಂತಾಯಿತು. ಆದರೂ ಅವನಿಗೆ ಬರೆದ ಕಾಗದ ಅವನ ಕೈಸೇರುವುದು ತಪ್ಪಲಿಲ್ಲ. ವಿಳಾಸವೆಂಬುದು ಮನುಷ್ಯನ ಆಸ್ತಿಯಲ್ಲ, ಯಾರೋ ಕೊಟ್ಟದ್ದು, ಕೊಟ್ಟವರೇ ಬದಲಿಸಬಹುದಾದದ್ದು ಎಂಬ ಮಾತನ್ನು ನಮ್ಮೂರಿನವರಿಗೆ ಬೇರೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈ ವಿಚಾರ ನನ್ನ ಮನಸ್ಸಿನಲ್ಲಿ ಮೂಡಿದ್ದು ಒಂದು ರಾತ್ರಿ, ನನ್ನ ಅಣ್ಣನ ಮಗನ ಅಂಗಡಿಯಲ್ಲಿ. ಅವನದು ನಾಲ್ಕು ಗಣಕಯಂತ್ರಗಳ ಪುಟ್ಟ ಅಂಗಡಿ. ಪಹಣಿ ತೆಗೆಸುವವರು, ಪರೀಕ್ಷೆಗೆ ಹಣ ಕಟ್ಟುವವರು, ನೌಕರಿಗೆ ಅರ್ಜಿ ತುಂಬುವವರು ದಿನವೆಲ್ಲ ಬಂದು ಹೋಗುತ್ತಾರೆ. ಊಟ ಮುಗಿಸಿ ಅಲ್ಲಿ ತುಸು ಹೊತ್ತು ಕುಳಿತು ಬರುವುದು ನನ್ನ ರೂಢಿ. ಅಂದು ಕಾಲೇಜು ವಿದ್ಯಾರ್ಥಿಗಳ ವಸತಿ ನಿಲಯಕ್ಕೆ ಅರ್ಜಿ ಸಲ್ಲಿಸುವ ಕೊನೆಯ ದಿನ. ನಡುರಾತ್ರಿ ಹನ್ನೆರಡಕ್ಕೆ ಬಾಗಿಲು ಮುಚ್ಚುವುದಿತ್ತು. ಬೆಳಗಿನಿಂದ ಜನವೋ ಜನ. ಒಂಬತ್ತೂವರೆಯ ಸುಮಾರಿಗೆ ನೇಕಾರರ ಹುಡುಗಿಯೊಬ್ಬಳು ತಂದೆಯೊಡನೆ ಬಂದಳು. ತಂದೆ ಮಗ್ಗ ನಿಲ್ಲಿಸಿ ಬರುವುದಕ್ಕೆ ಅಷ್ಟು ಹೊತ್ತಾಗಿತ್ತು. ಮೂರು ಯಂತ್ರಗಳ ಮುಂದೆ ಬೇರೆಯವರಿದ್ದರು. ನಾಲ್ಕನೆಯದು ನಾಲ್ಕು ದಿನ ರಿಪೇರಿಗೆ ಹೋಗಿ ಅಂದೇ ಸಂಜೆ ಮರಳಿ ಬಂದಿತ್ತು. ಹುಡುಗಿಯನ್ನು ಅದರ ಮುಂದೆ ಕೂಡಿಸಿದರು. ಯಂತ್ರ ಎಚ್ಚತ್ತಿತು, ಪರದೆ ಬೆಳಗಿತು, ಆದರೆ ಹೊರಗಿನ ಜಗತ್ತಿನೊಡನೆ ಸಂಪರ್ಕವಿಲ್ಲವೆಂದು ಹೇಳಿ ಸುಮ್ಮನಾಯಿತು.

ಹುಡುಗಿಯ ಮುಖ ಬಾಡಿತು. “ನಾ ಏನರ ತಪ್ಪ ಒತ್ತೀನೇನ್ರಿ ಅಜ್ಜಾರ?” ಎಂದು ನನ್ನನ್ನು ಕೇಳಿದಳು. ಆ ಪ್ರಶ್ನೆ ಇಂದಿಗೂ ನನ್ನ ಕಿವಿಯಲ್ಲಿದೆ. ಯಂತ್ರ ಕೆಟ್ಟರೆ ಉಳ್ಳವರು ಯಂತ್ರವನ್ನು ಬಯ್ಯುವರು; ಬಡವರ ಮಕ್ಕಳು ತಮ್ಮ ಬೆರಳನ್ನು ನೋಡಿಕೊಳ್ಳುವರು.

ನನ್ನ ಅಣ್ಣನ ಮಗ ಬಂದು ಕೀಲಿಗಳನ್ನು ಒತ್ತಿ ಒಂದು ಸಂಖ್ಯೆಯನ್ನು ಹೊರಗೆಳೆದ. ಅದು 169.254 ಎಂದು ಆರಂಭವಾಗಿತ್ತು. “ಕಾಕಾ, ಇದಕ್ಕ ವಿಳಾಸಾನ ಸಿಕ್ಕಿಲ್ರಿ. ಇದು ಯಾರೂ ಕೊಟ್ಟದ್ದಲ್ಲ, ತಾನ ಇಟ್ಕೊಂಡದ್ದು” ಎಂದ. ನನಗೆ ಸೋಜಿಗವೆನಿಸಿತು. ಯಂತ್ರಕ್ಕೆ ವಿಳಾಸ ಕೊಡುವವರಾರು? ಕೊಡದೆ ಉಳಿದದ್ದೇಕೆ? ಅಂದು ಅವನು ಆತುರದಲ್ಲಿ ಹೇಳಿದ್ದನ್ನೂ, ಅನಂತರ ನಾನು ಓದಿ ತಿಳಿದದ್ದನ್ನೂ ಕೂಡಿಸಿ ವಾಚಕರ ಮುಂದಿಡುತ್ತೇನೆ.

ಜಾಲದಲ್ಲಿ ಕೂಡುವ ಪ್ರತಿಯೊಂದು ಯಂತ್ರಕ್ಕೂ ಒಂದು ಸಂಖ್ಯೆ ಬೇಕು. ಅದಿಲ್ಲದೆ ಕಳಿಸಿದ ಪ್ರಶ್ನೆಗೆ ಉತ್ತರ ಮರಳಿ ಬಾರದು. ಹಾಗೆ ನೋಡಿದರೆ ಯಂತ್ರಕ್ಕೆ ಹುಟ್ಟಿನಿಂದಲೇ ಬಂದ ಸಂಖ್ಯೆಯೊಂದು ಉಂಟು; ಕಾರಖಾನೆಯಲ್ಲಿಯೇ ಅದರ ಜಾಲದ ಭಾಗದ ಮೇಲೆ ಕೊರೆದಂತೆ ಇರುವಂಥದು. ಅದು ಮನುಷ್ಯನ ಹೆಸರಿದ್ದಂತೆ. ಹೆಸರು ತಿಳಿದ ಮಾತ್ರಕ್ಕೆ ಮನೆ ಸಿಕ್ಕುವುದಿಲ್ಲವಷ್ಟೆ. ಎಲ್ಲಿರುವನೆಂಬುದನ್ನು ಹೇಳಲು ಎರಡನೆಯ ಸಂಖ್ಯೆಯೊಂದು ಬೇಕು. ಅದನ್ನು ಆಯಾ ಜಾಲದಲ್ಲಿಯೇ ಪಡೆಯಬೇಕು.

ಮೊದಲಿನ ದಿನಗಳಲ್ಲಿ ಜಾಲವನ್ನು ನೋಡಿಕೊಳ್ಳುವವನು ವಹಿಯೊಂದನ್ನಿಟ್ಟುಕೊಂಡು ಒಂದೊಂದು ಯಂತ್ರದ ಬಳಿಗೂ ಹೋಗಿ ಸಂಖ್ಯೆಯನ್ನು ಕೈಯಾರೆ ಬರೆಯುತ್ತಿದ್ದ. ಹತ್ತು ಯಂತ್ರಗಳಿದ್ದಲ್ಲಿ ಇದು ಸಾಗುತ್ತಿತ್ತು, ಸಾವಿರವಾದರೆ ಹೇಗೆ? ಒಂದೇ ಸಂಖ್ಯೆಯನ್ನು ಮರೆತು ಇಬ್ಬರಿಗೆ ಬರೆದರೆ ಇಬ್ಬರ ಮಾತೂ ಕೆಡುವುದು. 1984 ಮತ್ತು 1985ರಲ್ಲಿ ಯಂತ್ರವೇ ತನ್ನ ಸಂಖ್ಯೆಯನ್ನು ಕೇಳಿ ತಿಳಿಯುವ ಎರಡು ಪದ್ಧತಿಗಳು ಬಂದವು. ಎರಡನೆಯದಕ್ಕೆ ಬೂಟ್‌ಪಿ ಎಂದು ಹೆಸರು. ಅಲ್ಲಿಯೂ ಯಾವ ಯಂತ್ರಕ್ಕೆ ಯಾವ ಸಂಖ್ಯೆಯೆಂದು ಮೊದಲೇ ಪಟ್ಟಿ ಮಾಡಿಡಬೇಕಾಗಿತ್ತು. ಪಟ್ಟಿಯಲ್ಲಿ ಇಲ್ಲದವನಿಗೆ ಎಡೆಯಿಲ್ಲ. ಗುರುತಿಲ್ಲದವನಿಗೂ ಎಡೆಗೊಡುವ ಪದ್ಧತಿಯನ್ನು ಅಮೆರಿಕದ ಬಕ್‌ನೆಲ್ ವಿಶ್ವವಿದ್ಯಾಲಯದಲ್ಲಿದ್ದ ರಾಲ್ಫ್ ಡ್ರೋಮ್ಸ್ ಎಂಬವರು 1993ರ ಅಕ್ಟೋಬರದಲ್ಲಿ ಬರೆದು ಪ್ರಕಟಿಸಿದರು. ಅದರ ತಿದ್ದಿದ ರೂಪ 1997ರ ಮಾರ್ಚದಲ್ಲಿ ಹೊರಬಂದಿತು. ನಮ್ಮ ಊರಿಗೆ ಹೊಸ ಜಿಲ್ಲೆಯ ವಿಳಾಸ ದೊರೆತ ವರ್ಷವೂ ಅದೇ. ಇದಕ್ಕೆ ಡೈನಾಮಿಕ್ ಹೋಸ್ಟ್ ಕಾನ್ಫಿಗರೇಶನ್ ಪ್ರೋಟೋಕಾಲ್ ಎಂದು ಹೆಸರು, ಬಳಕೆಯಲ್ಲಿ ಡಿ.ಎಚ್.ಸಿ.ಪಿ. ಎನ್ನುವರು.

ಹೆಸರು ಕಠಿಣವಾದರೂ ಕೆಲಸ ನಮಗೆ ಅಪರಿಚಿತವಲ್ಲ. ಜಾತ್ರೆಗೆಂದು ಪರಸ್ಥಳದವನೊಬ್ಬ ಕತ್ತಲಾದ ಮೇಲೆ ಊರು ಹೊಕ್ಕನೆಂದು ಎಣಿಸಿರಿ. ಧರ್ಮಸಾಲೆ ಎಲ್ಲಿದೆಯೋ ಅವನರಿಯ; ನೋಡಿಕೊಳ್ಳುವವರ ಹೆಸರೂ ತಿಳಿಯದು. ಆಗ ಮಾಡುವುದೇನು? ಬೀದಿಯಲ್ಲಿ ನಿಂತು, “ಇಳಿದುಕೊಳ್ಳಲು ಎಡೆ ಕೊಡುವವರು ಯಾರಾದರೂ ಇದ್ದೀರಾ?” ಎಂದು ಎಲ್ಲರಿಗೂ ಕೇಳುವಂತೆ ಕೂಗುವುದು. ಹೊಸ ಯಂತ್ರ ಮಾಡುವುದೂ ಇದನ್ನೇ. ಕಳಿಸುವವನ ವಿಳಾಸವೆಂದು ನಾಲ್ಕು ಸೊನ್ನೆಗಳನ್ನು ಬರೆಯುವುದು. ಪಡೆಯುವವನ ವಿಳಾಸವೆಂದು ನಾಲ್ಕು ಸಲ 255ನ್ನು ಬರೆಯುವುದು. ನಾನು ಇನ್ನೂ ಯಾರೂ ಅಲ್ಲ, ಕೇಳುವವರೆಲ್ಲರೂ ಕೇಳಿರಿ ಎಂಬುದೇ ಅದರ ಅರ್ಥ. ಕೂಗಿನೊಡನೆ ತನ್ನ ಹುಟ್ಟುಸಂಖ್ಯೆಯನ್ನೂ ಆ ಹೊತ್ತಿಗೆ ಆಯ್ದ ಗುರುತಿನ ಸಂಖ್ಯೆಯೊಂದನ್ನೂ ಕಳಿಸುತ್ತದೆ. ಬಂದ ಉತ್ತರ ತನಗೇ ಬಂದದ್ದೆಂದು ತಿಳಿಯುವುದು ಆ ಗುರುತಿನಿಂದ.

ವಿಳಾಸ ಕೊಡುವ ಯಂತ್ರ ಈ ಕೂಗನ್ನು ಕೇಳಿ, ತನ್ನ ಬಳಿ ಖಾಲಿ ಇರುವ ಸಂಖ್ಯೆಯೊಂದನ್ನು ತೋರಿಸಿ, “ಇದು ನಿನಗೆ ಆಗಬಹುದೇ?” ಎನ್ನುವುದು. ಇಂಥ ಕೊಡುಗೈಯವರು ಒಬ್ಬರಿಗಿಂತ ಹೆಚ್ಚು ಇರಬಹುದು. ಆದುದರಿಂದ ಮೂರನೆಯ ಮಾತೂ ಗಟ್ಟಿಯಾದ ಕೂಗೇ: “ಇಂಥವರು ಕೊಟ್ಟ ಇಂಥ ಸಂಖ್ಯೆ ನನಗೆ ಬೇಕು.” ಇದನ್ನು ಕೇಳಿದ ಉಳಿದವರು ತಾವು ತೆಗೆದಿರಿಸಿದ್ದನ್ನು ಮರಳಿ ಉಗ್ರಾಣಕ್ಕೆ ಸೇರಿಸುವರು. ನಾಲ್ಕನೆಯದು ಒಪ್ಪಿಗೆ. ಅದರೊಡನೆ ಹೊಸಬನಿಗೆ ಬೇಕಾದ ಬುದ್ಧಿಮಾತುಗಳೂ ಬರುವುವು: ಓಣಿಯ ಎಲ್ಲೆ ಇಲ್ಲಿಯವರೆಗೆ, ಊರ ಹೊರಗೆ ಹೋಗುವ ಅಗಸಿ ಇದು, ಹೆಸರು ಹೇಳಿದರೆ ಸಂಖ್ಯೆಯನ್ನು ತಿಳಿಸುವವನು ಇವನು, ಮತ್ತು ಈ ಎಡೆ ನಿನಗೆ ಇಷ್ಟು ಹೊತ್ತಿನವರೆಗೆ. ಹೀಗೆ ನಾಲ್ಕು ಮಾತುಗಳಲ್ಲಿ, ಸಾಮಾನ್ಯವಾಗಿ ಕಣ್ಣು ಮಿಟುಕಿಸುವಷ್ಟರಲ್ಲಿ, ಎಲ್ಲ ಮುಗಿಯುವುದು. ಒಳಹೊಗುವ ಮುನ್ನ ಯಂತ್ರ ಇನ್ನೊಮ್ಮೆ ಬಾಗಿಲು ತಟ್ಟಿ ಒಳಗೆ ಬೇರಾರೂ ಇಲ್ಲವೆಂಬುದನ್ನು ನೋಡಿಕೊಳ್ಳಬೇಕೆಂಬ ಮರ್ಯಾದೆಯೂ ಈ ಪದ್ಧತಿಯಲ್ಲಿ ಉಂಟು. ಯಾರಾದರೂ ಇದ್ದರೆ ಆ ಸಂಖ್ಯೆಯನ್ನು ಬೇಡವೆಂದು ಮರಳಿಸಿ, ಮತ್ತೆ ಮೊದಲಿನಿಂದ ಕೂಗಬೇಕು.

‘ಇಷ್ಟು ಹೊತ್ತಿನವರೆಗೆ’ ಎಂಬ ಮಾತೇ ಈ ವ್ಯವಸ್ಥೆಯ ಜೀವಾಳ. ಸಂಖ್ಯೆ ದಾನವಲ್ಲ, ಕ್ರಯವೂ ಅಲ್ಲ. ಅವಧಿಯ ಮೇಲೆ ಕೊಟ್ಟ ಬಿಡಾರ. ಅವಧಿ ಒಂದು ದಿನವೆಂದಿದ್ದರೆ, ಹನ್ನೆರಡು ತಾಸಿಗೆ ಯಂತ್ರ ತನಗೆ ಎಡೆ ಕೊಟ್ಟವನನ್ನು ಮೆಲ್ಲನೆ ಕೇಳುವುದು, ಇನ್ನಷ್ಟು ದಿನ ಇರಲೇ ಎಂದು. ಉತ್ತರ ಬಾರದಿದ್ದರೆ ಇಪ್ಪತ್ತೊಂದನೆಯ ತಾಸಿಗೆ ಮತ್ತೆ ಎಲ್ಲರಿಗೂ ಕೇಳುವಂತೆ ಕೂಗುವುದು. ಅವಧಿ ತೀರಿದರೂ ಯಾರೂ ಹೂಂ ಎನ್ನದಿದ್ದರೆ ಜಾಗ ಬಿಡಲೇಬೇಕು. ಹೇಳಿ ಹೋಗುವ ಪದ್ಧತಿಯೂ ಇದೆ. ಆದರೆ ಹೇಳದೆ ಹೋಗುವವರೇ ಹೆಚ್ಚು. ಅವರು ಬಿಟ್ಟುಹೋದ ಎಡೆ, ಅವಧಿ ಮುಗಿಯುವವರೆಗೆ, ಖಾಲಿಯಿದ್ದರೂ ತುಂಬಿದಂತೆಯೇ ಲೆಕ್ಕಕ್ಕೆ ಬರುತ್ತದೆ.

ಅಂದಿನ ರಾತ್ರಿಯ ಗುಟ್ಟು ಇಲ್ಲಿಯೇ ಇತ್ತು. ಅಂಗಡಿಯ ಮೂಲೆಯಲ್ಲಿ ಮಿಣುಕುವ ರೂಟರೆಂಬ ಪೆಟ್ಟಿಗೆಯೇ ಅಲ್ಲಿಯ ಧರ್ಮಸಾಲೆಯ ಯಜಮಾನ. ಅದಕ್ಕೆ ಕೊಡಲು ಹೇಳಿದ್ದ ಸಂಖ್ಯೆಗಳು ಐವತ್ತು. ಅವಧಿ ಒಂದು ದಿನ. ಬಂದವರು ಬೇಸರಪಡಬಾರದೆಂದು ನಮ್ಮ ಹುಡುಗ ಗುಪ್ತಪದವನ್ನು ಗೋಡೆಗೆ ಅಂಟಿಸಿದ್ದ. ಬೆಳಗಿನಿಂದ ಸರದಿಗೆ ಕಾದು ಕುಳಿತ ಒಬ್ಬೊಬ್ಬರ ಕಿಸೆಯ ಫೋನೂ ಒಂದೊಂದು ಎಡೆ ಹಿಡಿದಿತ್ತು. ಅವರು ಕೆಲಸ ಮುಗಿಸಿ ಮನೆಗೆ ಹೋದರು. ಎಡೆಗಳು ಅವರ ಹೆಸರಿನಲ್ಲಿಯೇ ಉಳಿದವು. ರಿಪೇರಿಗೆ ಹೋಗಿದ್ದ ಯಂತ್ರದ ಹಳೆಯ ಅವಧಿ ಎಂದೋ ತೀರಿ, ಅದರ ಸಂಖ್ಯೆಯೂ ಯಾರದೋ ಪಾಲಾಗಿತ್ತು. ಅಂಗಡಿಯೊಡೆಯನ ಯಂತ್ರವೇ ತನ್ನ ಮನೆಯ ಬಾಗಿಲಲ್ಲಿ ನಿಂತು ಕೂಗುತ್ತಿತ್ತು, ಒಳಗಿನಿಂದ ಉತ್ತರವಿಲ್ಲ. ಕೂಗಿ ದಣಿದ ಯಂತ್ರ 169.254ರ ಬಯಲಿನಲ್ಲಿ ತಾನೇ ಒಂದು ಸಂಖ್ಯೆಯನ್ನು ಆರಿಸಿಕೊಳ್ಳುವುದು ನಿಯಮ. ಬಯಲಿನಲ್ಲಿ ಮಲಗಿದ ಅಂಥ ಇಬ್ಬರು ತಮ್ಮೊಳಗೆ ಮಾತಾಡಿಕೊಳ್ಳಬಹುದು. ಅಗಸಿ ದಾಟಿ ಹೊರಗೆ ಹೋಗಲಾರರು.

ಹುಡುಗ ರೂಟರಿನ ಪಟ್ಟಿಯನ್ನು ತೆರೆದು ತೋರಿಸಿದ. ಐವತ್ತು ಸಾಲು, ಇದ್ದವರು ಏಳೆಂಟು ಜನ, ಉಳಿದವರೆಲ್ಲ ಎಂದೋ ಹೋದವರು. ಹೋದವರ ಸಾಲುಗಳನ್ನು ಅಳಿಸಿದ. ಯಂತ್ರ ಮತ್ತೊಮ್ಮೆ ಕೂಗಿತು. ಈ ಸಲ ಉತ್ತರ ಬಂದಿತು. ಹತ್ತೂವರೆಗೆ ಅರ್ಜಿ ಹೋಗಿ ಸೇರಿದ ರಶೀದಿ ಹುಡುಗಿಯ ಕೈಯಲ್ಲಿತ್ತು. ಅವಳ ತಂದೆ ಆ ಕಾಗದವನ್ನು ಎರಡು ಸಲ ಮಡಿಚಿ, ಅಂಗಿಯ ಒಳಕಿಸೆಯಲ್ಲಿ ಇಟ್ಟುಕೊಂಡ. ಅವರು ಹೋದ ಮೇಲೆ ಹುಡುಗ ಅಂಗಡಿಯ ನಾಲ್ಕು ಯಂತ್ರಗಳಿಗೂ ಒಂದೊಂದು ಸಂಖ್ಯೆಯನ್ನು ಕಾಯಂ ಆಗಿ ಕಾದಿರಿಸಿದ. ಕೊಡುವ ಸಂಖ್ಯೆಗಳನ್ನು ಇನ್ನೂರಕ್ಕೆ ಏರಿಸಿದ. ಅವಧಿಯನ್ನು ಒಂದು ತಾಸಿಗೆ ಇಳಿಸಿದ. ಐದು ನಿಮಿಷದ ಕೆಲಸ!

ಸಂಖ್ಯೆಗಳ ಬಗ್ಗೆ ಇಷ್ಟು ಜಿಪುಣತನವೇಕೆಂದು ಯಾರಾದರೂ ಕೇಳಬಹುದು. 1981ರಲ್ಲಿ ಗೊತ್ತುಪಡಿಸಿದ ಪದ್ಧತಿಯಲ್ಲಿ ಸಾಧ್ಯವಿರುವ ಸಂಖ್ಯೆಗಳು 429 ಕೋಟಿ 49 ಲಕ್ಷ 67 ಸಾವಿರದ 296. ಅಂದು ಅದು ಸಮುದ್ರದಂತೆ ತೋರಿತು. 2011ರ ಫೆಬ್ರುವರಿ 3ರಂದು ಜಗತ್ತಿನ ಮೂಲ ಉಗ್ರಾಣದಲ್ಲಿದ್ದ ಕೊನೆಯ ಕಂತುಗಳನ್ನೂ ಹಂಚಿ ಆಯಿತು. ಅದಕ್ಕೂ ಮೊದಲೇ, 1994ರಲ್ಲಿ, ಕೆಲವು ಸಂಖ್ಯೆಗಳನ್ನು ಮನೆಯೊಳಗಿನ ಬಳಕೆಗೆಂದು ಬಿಟ್ಟುಕೊಟ್ಟಿದ್ದರು. 192.168 ಎಂದು ಆರಂಭವಾಗುವ ಸಂಖ್ಯೆ ನಮ್ಮ ಅಂಗಡಿಯಲ್ಲಿಯೂ ಇದೆ, ಜಮಖಂಡಿಯ ಅಂಗಡಿಯಲ್ಲಿಯೂ ಇರಬಹುದು. ಊರೂರಿಗೂ ಒಂದು ಗಾಂಧಿ ಚೌಕ ಇದ್ದಂತೆ. ಊರೊಳಗೆ ಅದು ಸಾಕು. ಹೊರಗೆ ಹೋಗುವಾಗ ರೂಟರು ಎಲ್ಲರ ಪರವಾಗಿ ಹೊರಗಿನ ವಿಳಾಸವೊಂದನ್ನು ಬರೆದು ಕಳಿಸುವುದು. ಇದಕ್ಕಿಂತ ಅಪಾರವಾದ ಹೊಸ ಸಂಖ್ಯಾಪದ್ಧತಿಯೂ ಬಂದು ಹಳೆಯದರ ಜೊತೆಯಲ್ಲಿಯೇ ನಡೆಯುತ್ತಿದೆ. ಆದರೂ ಚಿಕ್ಕ ಅಂಗಡಿಗಳ ಮೂಲೆಯಲ್ಲಿ ಹಳೆಯ ಧರ್ಮಸಾಲೆಯ ಲೆಕ್ಕ ಇನ್ನೂ ನಿಂತಿಲ್ಲ.

ಈ ವ್ಯವಸ್ಥೆಗೆ ಒಂದು ದೌರ್ಬಲ್ಯವೂ ಉಂಟು, ಅದು ನಂಬಿಕೆಯದು. ಕತ್ತಲಲ್ಲಿ ಕೂಗಿದವನು ಮೊದಲು ಓಗೊಟ್ಟವನನ್ನು ನಂಬುತ್ತಾನೆ. ಯಾರೋ ತಿಳಿಯದೆ ಇನ್ನೊಂದು ಪೆಟ್ಟಿಗೆಯನ್ನು ತಂದು ಜೋಡಿಸಿದರೆ ಅದೂ ಸಂಖ್ಯೆ ಹಂಚತೊಡಗಿ ತಪ್ಪು ಅಗಸಿಯನ್ನು ತೋರಿಸೀತು. ಕೇಡಿಗನಾದರೆ ಬೇಕೆಂದೇ ತೋರಿಸಿಯಾನು. ದೊಡ್ಡ ಜಾಲಗಳಲ್ಲಿ, ಗೊತ್ತುಪಡಿಸಿದ ದಾರಿಯಿಂದ ಬಂದ ಉತ್ತರವನ್ನಷ್ಟೇ ಒಳಬಿಡುವ ಕಾವಲು ಇರುವುದು ಈ ಕಾರಣದಿಂದ. ಸಣ್ಣ ಅಂಗಡಿಗೆ ಕಣ್ಣಿಟ್ಟಿರುವ ಒಡೆಯನೇ ಕಾವಲು.

ಮನೆಗೆ ಬಂದು ಹಾಸಿಗೆಯ ಮೇಲೆ ಬಿದ್ದುಕೊಂಡರೂ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಆ ಹುಡುಗಿಗೆ ಯಾರೂ ಎಡೆಯಿಲ್ಲವೆಂದಿರಲಿಲ್ಲ. ಯಾರೂ ಬಾಗಿಲು ಹಾಕಿರಲಿಲ್ಲ. ಎಂದೋ ಯಾರೋ ಯೋಚಿಸದೆ ಐವತ್ತೆಂದೂ ಒಂದು ದಿನವೆಂದೂ ಬರೆದದ್ದು ಅಲ್ಲಿಯೇ ಉಳಿದಿತ್ತು, ಅಷ್ಟೆ. ಅಷ್ಟರಿಂದಲೇ, ಪರವೂರಿನಲ್ಲಿ ಒಂದು ಕೋಣೆಯನ್ನು ಬೇಡಲು ಬಂದವಳು ಬಾಗಿಲಲ್ಲಿ ನಿಂತು ತನ್ನ ಬೆರಳನ್ನು ನೋಡಿಕೊಳ್ಳುವಂತಾಯಿತು. ನಮ್ಮ ಕಚೇರಿಗಳಲ್ಲಿ, ಶಾಲೆಗಳಲ್ಲಿ, ನಮ್ಮ ಮನೆಗಳಲ್ಲಿಯೂ ಇಂಥ ಐವತ್ತುಗಳು ಎಷ್ಟಿವೆಯೋ!

ಮಳೆಗಾಲ ಹಿಡಿದ ಮೇಲೆ ಆ ತಂದೆ ಬೆಲ್ಲದ ಪೇಟೆಯ ಹತ್ತಿರ ಭೆಟ್ಟಿಯಾದ. ಮಗಳಿಗೆ ವಸತಿ ನಿಲಯದಲ್ಲಿ ಎಡೆ ಸಿಕ್ಕಿತೆಂದು ಹೇಳಿದ. ಕಾಗದ ಬರೆಯುವುದಾದರೆ ಎಂದು ಕಿಸೆಯಿಂದ ಚೀಟಿಯೊಂದನ್ನು ತೆಗೆದು ವಿಳಾಸವನ್ನು ನನಗೆ ಓದಿ ತೋರಿಸಿದ: ನಿಲಯದ ಹೆಸರು, ಕೋಣೆಯ ಸಂಖ್ಯೆ, ಊರು. “ಒಂದ ವರ್ಷಕ್ಕಂತ್ರಿ. ಮುಂದಿನ ವರ್ಷ ಮತ್ತ ಅರ್ಜಿ ಹಾಕಬೇಕಂತ” ಎಂದ.

“ಹಾಕೋಣಂತ. ಈ ಸಲ ಕೊನೀ ದಿನದ ತನಕ ಬಿಡಬ್ಯಾಡ್ರಿ” ಎಂದೆ. ಅವನು ನಕ್ಕು, ಚೀಟಿಯನ್ನು ಮತ್ತೆ ಎರಡು ಸಲ ಮಡಿಚಿ ಕಿಸೆಗೆ ಸೇರಿಸಿದ.