ಡ್ಯೂಟಿ ಮುಗಿದ್ಮೇಲೆ ಥೀಸಿಸ್ಸಾ?

ಎಂಡಿ, ಎಂಎಸ್ ಓದೋ ಡಾಕ್ಟರ್‌ಗಳಿಗೆ ಮೂರು ವರ್ಷದೊಳಗೆ ಒಂದು ಥೀಸಿಸ್ ಕಡ್ಡಾಯ. ಪರೀಕ್ಷಕರು ಅದನ್ನ ಒಪ್ಪದಿದ್ರೆ ಫೈನಲ್ ಪರೀಕ್ಷೆಗೇ ಕೂರೋ ಹಾಗಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮದಲ್ಲಿ ಸಂಶೋಧನಾ ವಿಧಾನದ ಕೋರ್ಸೂ ಇದೆ. ಎಲ್ಲಾ ಸರಿ, ಟೈಮ್ ಎಲ್ಲಿದೆ? ನೈಟ್ ಡ್ಯೂಟಿ ಮುಗಿಸಿ, ಕಣ್ಣು ಎಳೀತಿರುವಾಗ ಎಕ್ಸೆಲ್ ತುಂಬಬೇಕು.

ನಾನು ಬಿಕಾಂ. ಪ್ರಾಜೆಕ್ಟ್ ರಿಪೋರ್ಟ್ ಕಾಪಿ ಹೊಡೆದ ಪಾಪ ನನಗೂ ಇದೆ, ಯಾರ ಜೀವಕ್ಕೂ ತೊಂದರೆ ಆಗ್ಲಿಲ್ಲ. ಇಲ್ಲಿ ಹಾಗಲ್ಲ. ತಪ್ಪು ಅಂಕಿ ನಂಬಿ ಇನ್ನೊಬ್ಬ ಡಾಕ್ಟರ್ ಔಷಧಿ ಬರೀಬಹುದು. ಅಧ್ಯಯನಕ್ಕೆ ನಂಬಿ ಸಹಿ ಹಾಕಿದ ರೋಗಿಗೂ ಅದು ಮೋಸ.

ಬಹುಮಾನ, ಸರ್ಟಿಫಿಕೇಟ್ ಆಮೇಲೆ. ಮೊದಲು ವಾರಕ್ಕೆ ಅರ್ಧ ದಿನ ಬಿಡುವು ಕೊಡಿ. ಆ ಹೊತ್ತು ವಾರ್ಡ್ ಕರೆ ಬೇರೆಯವರು ನೋಡ್ಕೊಳ್ಳಲಿ. ವಿಷಯವೂ ಗೈಡ್ ಕೈಗಿತ್ತದ್ದಲ್ಲ, ವಾರ್ಡ್‌ನಲ್ಲಿ ತಲೆ ಕೆಡಿಸಿದ ಪ್ರಶ್ನೆ ಆಗಿರಲಿ: ‘ನಮ್ಮಲ್ಲೇ ಆಪರೇಷನ್ ಗಾಯ ಯಾಕಿಷ್ಟು ಕೀವಾಗುತ್ತೆ?’ ಅದಕ್ಕೆ ಉತ್ತರ ಸಿಕ್ಕಿದ್ರೆ ಲಾಭ ಪಕ್ಕದ ಬೆಡ್‌ನವರಿಗೇ.