ಜಲವಾಸ ಮತ್ತು ಜೀನುನಷ್ಟ

ಅಸುಂಡಿ, ಮುಂಡರಗಿ ಸೀಮೆಗೆ ಪರಿಚಿತವಾದ ತುಂಗಭದ್ರೆಯಲ್ಲಿ ನೀರುನಾಯಿಗಳಿವೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ನದಿಪಾತ್ರವನ್ನು 2015ರಲ್ಲಿ ಇವುಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ನೀರಿನಲ್ಲಿ ಬೇಟೆ, ದಂಡೆಯಲ್ಲಿ ಬಿಲ, ಇದು ಅರೆಜಲವಾಸ. ತಿಮಿಂಗಿಲ, ಡಾಲ್ಫಿನ್‌ಗಳ ಪೂರ್ವಜರಾದರೋ ಸುಮಾರು 5 ಕೋಟಿ ವರ್ಷಗಳ ಹಿಂದೆ ನೆಲವನ್ನೇ ತೊರೆಯತೊಡಗಿದರು.

ವಿಕಾಸವೆಂದರೆ ಗಳಿಕೆಯೆಂದೇ ಭಾವಿಸುವುದು ವಾಡಿಕೆ. ಆದರೆ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಮಿಂಗಿಲ ವಂಶದ ಮೂಲದಲ್ಲಿಯೇ 85 ಜೀನುಗಳು ನಿಷ್ಕ್ರಿಯಗೊಂಡುದನ್ನು ಗುರುತಿಸಿತು. ಉಪಯೋಗ ತಪ್ಪಿದ ಜೀನಿನಲ್ಲಿ ಉತ್ಪರಿವರ್ತನೆ ಉಂಟಾದರೆ ನಿಸರ್ಗದ ಆಯ್ಕೆ ಅದನ್ನು ತೊಡೆದುಹಾಕುವುದಿಲ್ಲ. ದೋಷಗಳು ಶೇಖರಗೊಂಡು ಜೀನು ಅವಶೇಷವಾಗಿ ಉಳಿಯುತ್ತದೆ. ಹಲ್ಲುಳ್ಳ ತಿಮಿಂಗಿಲಗಳ ಘ್ರಾಣಗ್ರಾಹಕ ಜೀನುಗಳ ಗತಿ ಇದೇ. ಕೆಲವು ನಷ್ಟಗಳು ಲಾಭಕರವೂ ಆಗಿರಬಹುದು. ಆಳಕ್ಕೆ ಮುಳುಗುವಾಗ ರಕ್ತದಲ್ಲಿ ಸಾರಜನಕದ ಗುಳ್ಳೆಗಳುಂಟಾದರೆ ಹೆಪ್ಪುಗಟ್ಟುವ ಅಪಾಯವಿರುತ್ತದೆ; ಈ ಕ್ರಿಯೆಯನ್ನು ಪ್ರಚೋದಿಸುವ ಎರಡು ಜೀನುಗಳನ್ನು ತಿಮಿಂಗಿಲಗಳು ಕಳೆದುಕೊಂಡಿವೆ.

ಆದರೆ ಎಲ್ಲ ನಷ್ಟವೂ ನಿರಪಾಯವಲ್ಲ. ಮೇದಸ್ಸಿನ ಉತ್ಕರ್ಷಣವನ್ನು ತಡೆಯುವ ಪ್ಯಾರಾಕ್ಸೊನೇಸ್-1 ಜೀನು ತಿಮಿಂಗಿಲ ಹಾಗೂ ಮನಾಟಿಗಳಲ್ಲಿ ಪ್ರತ್ಯೇಕವಾಗಿ ನಿಷ್ಕ್ರಿಯವಾಗಿದೆಯೆಂದು 2018ರಲ್ಲಿ ತಿಳಿದುಬಂದಿತು. ಆರ್ಗನೋಫಾಸ್ಫೇಟ್ ಕೀಟನಾಶಕಗಳ ವಿಷವನ್ನು ವಿಭಜಿಸುವ ಮುಖ್ಯ ಕಿಣ್ವವೂ ಇದೇ ಜೀನಿನ ಕೊಡುಗೆ. ಕೋಟ್ಯಂತರ ವರ್ಷ ಯಾವ ತೊಂದರೆಯನ್ನೂ ತರದ ನಷ್ಟವು, ಮನುಷ್ಯನು 20ನೆಯ ಶತಮಾನದಲ್ಲಿ ಈ ವಿಷಗಳನ್ನು ರೂಪಿಸಿದ ಬಳಿಕ ದೌರ್ಬಲ್ಯವಾಯಿತು. ಹೊಲದ ನೀರು ಸೇರುವ ತುಂಗಭದ್ರೆಯ ನೀರುನಾಯಿಗಳನ್ನೂ ಈ ದೃಷ್ಟಿಯಿಂದ ಪರೀಕ್ಷಿಸುವುದು ಅಗತ್ಯ.