ಯಾರಿಗೆ ಯಾವ ಪಾತ್ರ?

ಸುಗ್ಗಿ ಮುಗಿದು ಕಣಗಳು ಬರಿದಾದುವೆಂದರೆ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಹಳ್ಳಿಗಳಲ್ಲಿ ಒಂದು ಪ್ರಶ್ನೆ ತಲೆಯೆತ್ತುತ್ತದೆ: ಈ ಸಲದ ಜಾತ್ರೆಗೆ ಯಾವ ನಾಟಕ? ಇದಕ್ಕೆ ಒಂದೇ ಸಂಜೆಯಲ್ಲಿ ಉತ್ತರ ದೊರೆತೀತು. ಆದರೆ ಅದರ ಬೆನ್ನಿಗೇ ಬರುವ ಎರಡನೆಯ ಪ್ರಶ್ನೆ ಬಹು ಕಠಿಣವಾದುದು. ಯಾರಿಗೆ ಯಾವ ಪಾತ್ರ? ರಾಜನಾಗಬೇಕೆನ್ನುವವರು ಹತ್ತು ಮಂದಿ. ಸೇವಕನಾಗಲು ಒಬ್ಬನೂ ಒಲ್ಲ. ನಾಯಕಿಯ ಮಾತು ಬಂದಿತೆಂದರೆ ಸಭೆಗೆ ಸಭೆಯೇ ಮೌನ!

ಪ್ರೇಕ್ಷಕರು ಕಾಣುವುದು ಜಾತ್ರೆಯ ರಾತ್ರಿಯ ನಾಟಕವನ್ನು ಮಾತ್ರ. ಅದಕ್ಕೂ ತಿಂಗಳೊಪ್ಪತ್ತು ಮೊದಲು ಗುಡಿಯ ಕಟ್ಟೆಯ ಮೇಲೆ, ಮಠದ ಪಡಸಾಲೆಯಲ್ಲಿ ನಡೆಯುವ ಈ ಇನ್ನೊಂದು ನಾಟಕಕ್ಕೆ ಪರದೆಯೂ ಇಲ್ಲ, ಬಣ್ಣವೂ ಇಲ್ಲ. ಆದರೂ ಊರಿನ ಮಾನಾಪಮಾನಗಳೆಲ್ಲ ಅಲ್ಲಿ ಪಣಕ್ಕೆ ಬೀಳುತ್ತವೆ.

ಸಾತೇನಹಳ್ಳಿಯ ಮಾಸ್ತರರು

ಈ ಸೀಮೆಗೆ ನಾಟಕದ ಹುಚ್ಚು ಇಂದು ನಿನ್ನೆಯದಲ್ಲ. ಉತ್ತರ ಕರ್ನಾಟಕದಲ್ಲಿ ಕನ್ನಡ ರಂಗಭೂಮಿಗೆ ತಳಪಾಯ ಹಾಕಿದ ಶಾಂತಕವಿ ಸಕ್ಕರಿ ಬಾಳಾಚಾರ್ಯರು 1856ರಲ್ಲಿ ಹುಟ್ಟಿದುದು ಹಿರೇಕೆರೂರು ತಾಲೂಕಿನ ಸಾತೇನಹಳ್ಳಿಯಲ್ಲಿ. ವೃತ್ತಿಯಿಂದ ಅವರು ಶಾಲಾ ಮಾಸ್ತರರು. ಅವರ ತಾರುಣ್ಯದ ಕಾಲಕ್ಕೆ ಈ ನಾಡಿನ ಊರೂರುಗಳಲ್ಲಿ ಮರಾಠಿ ಮಂಡಳಿಗಳದೇ ಮೆರೆದಾಟ. ಕನ್ನಡಿಗರು ಕಾಸು ಕೊಟ್ಟು ಮರಾಠಿ ಹಾಡು ಕೇಳಿ ತಲೆದೂಗುತ್ತಿದ್ದರು. ವಿಚಿತ್ರವೆಂದರೆ, 1843ರಲ್ಲಿ ಸಾಂಗಲಿಯ ವಿಷ್ಣುದಾಸ ಭಾವೆಯವರು ಮೊದಲ ಮರಾಠಿ ನಾಟಕವನ್ನಾಡಿದುದಕ್ಕೆ ಪ್ರೇರಣೆ ಉತ್ತರ ಕನ್ನಡ ಜಿಲ್ಲೆಯ ಭಾಗವತರ ಮೇಳದ ಆಟವೇ ಎಂದು ನಾಟಕದ ಚರಿತ್ರೆ ಹೇಳುತ್ತದೆ. ಕೊಟ್ಟ ಬೀಜವನ್ನೇ ಫಸಲೆಂದು ಕೊಂಡಂತಾಗಿದ್ದಿತು ಕನ್ನಡಿಗರ ಪಾಡು.

ಇದನ್ನು ಕಂಡು ನೊಂದ ಬಾಳಾಚಾರ್ಯರು 1870ರ ದಶಕದಲ್ಲಿ ಗದುಗಿನಲ್ಲಿ ನಾಟಕ ಮಂಡಳಿಯೊಂದನ್ನು ಕಟ್ಟಿ ‘ಉಷಾಹರಣ’ವನ್ನು ಆಡಿಸಿದರು. ಬರೆಯುವ ಲೇಖನಿಯೇನೋ ಅವರ ಕೈಯಲ್ಲಿಯೇ ಇದ್ದಿತು. ಆದರೆ ಆಡುವವರು? ಕನ್ನಡದಲ್ಲಿ ನಟನೆಂಬ ವೃತ್ತಿಯೇ ನೆಲೆಗೊಳ್ಳದಿದ್ದ ಆ ಕಾಲದಲ್ಲಿ ಮಂಡಳಿ ಕಟ್ಟುವುದೆಂದರೆ ನಟರನ್ನು ಆರಿಸುವುದಲ್ಲ, ನಟರನ್ನು ಹುಟ್ಟಿಸುವುದೇ ಆಗಿದ್ದಿತು. ಮುಂದೆ ಈ ಭಾಗದಲ್ಲಿ ತಲೆಯೆತ್ತಿದ ಹತ್ತಾರು ಕಂಪನಿಗಳು ನಡೆದುದು ಆ ಮಾಸ್ತರರು ಸವೆಸಿದ ದಾರಿಯಲ್ಲಿಯೇ.

ಪೇಟಿಯ ಮುಂದಿನ ಪರೀಕ್ಷೆ

ಹಳ್ಳಿಯಲ್ಲಿ ಪಾತ್ರ ಹಂಚುವ ಅಧಿಕಾರ ಪೇಟಿ ಮಾಸ್ತರರದು. ನಾಟಕ ಕಲಿಸಲೆಂದು ಕರೆತಂದ ಅವರಿಗೆ ಊರವರೇ ಸರದಿಯಂತೆ ಊಟ, ವಸತಿ ಒದಗಿಸುತ್ತಾರೆ. ಮೊದಲ ದಿನ ಅವರು ಯಾರನ್ನೂ ಅಭಿನಯಿಸೆಂದು ಕೇಳುವುದಿಲ್ಲ. ಪೇಟಿಯ ತಿದಿಯೊತ್ತಿ ಒಂದು ಸ್ವರ ಹಿಡಿದು, “ಹೂಂ, ದನಿ ಕೊಡು” ಎನ್ನುತ್ತಾರೆ. ಕರಿ ಒಂದರ ಶ್ರುತಿಯಲ್ಲಿ ನಿಂತು ಮೇಲಿನ ಷಡ್ಜವನ್ನು ಮುಟ್ಟಿದವನಿಗೆ ಹಾಡಿರುವ ಪಾತ್ರ. ಮುಟ್ಟದವನಿಗೆ ಮಾತಿನ ಪಾತ್ರ. ಕಂಠ ಕರ್ಕಶವಾಗಿ ಹುಬ್ಬು ದಟ್ಟವಾಗಿದ್ದರೆ ಖಳನಾಯಕನ ಪಟ್ಟ ತಾನಾಗಿಯೇ ಒಲಿಯುತ್ತದೆ. ಎರಡೂ ಇಲ್ಲದೆ ನಾಲಗೆ ಚುರುಕಾಗಿದ್ದರೆ ಹಾಸ್ಯಪಾತ್ರ. ಕೊನೆಗೆ ಜನ ನೆನಪಿಟ್ಟುಕೊಳ್ಳುವುದು ಹೆಚ್ಚಾಗಿ ಅವನನ್ನೇ.

ದೊಡ್ಡಾಟದ ರೂಢಿಯೇ ಬೇರೆ. ಅಲ್ಲಿ ಭುಜಕೀರ್ತಿ, ಕಿರೀಟಗಳ ಭಾರ ಹೊತ್ತು ಬೆಳಗಿನವರೆಗೆ ಹೆಜ್ಜೆ ಹಾಕುವ ಕಸುವು ಬೇಕು. ಧ್ವನಿವರ್ಧಕವಿಲ್ಲದ ದಿನಗಳಲ್ಲಿ ಕಟ್ಟಕಡೆಯಲ್ಲಿ ಕುಳಿತವನಿಗೂ ಮುಟ್ಟುವ ಗಂಟಲು ಬೇಕಾಗಿದ್ದಿತು. ಎಷ್ಟೋ ಊರುಗಳಲ್ಲಿ ಪಾತ್ರವೂ ಹೊಲದಂತೆ ತಂದೆಯಿಂದ ಮಗನಿಗೆ ಬರುತ್ತದೆ. ಅಪ್ಪ ಕಟ್ಟಿದ ಗೆಜ್ಜೆಯನ್ನು ಇನ್ನೊಬ್ಬನ ಕಾಲಿಗೆ ಕಟ್ಟಿದರೆಂದು ಮಾತು ಬಿಟ್ಟ ಮನೆಗಳೂ ಉಂಟು.

ಇನ್ನು ವಂತಿಗೆಯ ತೊಡಕು. ರಂಗಸಜ್ಜಿಕೆ, ವೇಷಭೂಷಣ, ವಾದ್ಯದವರು ಎಂದು ಖರ್ಚು ಬೆಳೆಯುತ್ತದೆ. ಪಾತ್ರಧಾರಿಗಳೇ ಹಣ ಕೂಡಿಸಬೇಕು. ಹೆಚ್ಚು ಕೊಟ್ಟವನು ಹಿರಿಯ ಪಾತ್ರವನ್ನು ಬಯಸುತ್ತಾನೆ. ಆಗ ಮಾಸ್ತರರ ಕಿವಿ ಒಂದು ಹೇಳಿದರೆ ಊರಿನ ಲೆಕ್ಕದ ಪುಸ್ತಕ ಇನ್ನೊಂದು ಹೇಳುತ್ತದೆ. ಕಿವಿ ಗೆದ್ದ ವರ್ಷ ನಾಟಕ ಗೆಲ್ಲುತ್ತದೆ. ಪುಸ್ತಕ ಗೆದ್ದ ವರ್ಷ ಪ್ರೇಕ್ಷಕರು ನಡುರಾತ್ರಿಗೇ ಕಂಬಳಿ ಸುತ್ತಿಕೊಂಡು ಏಳುತ್ತಾರೆ.

ದನಿಯೇ ಮುಖ

ಕಿವಿಯ ತೀರ್ಪಿಗೆ ಹಾನಗಲ್ಲು ತಾಲೂಕು ನಾಡಿಗೆ ಇಬ್ಬರು ಮಹನೀಯರನ್ನು ಕೊಟ್ಟಿದೆ. ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಪಂಚಾಕ್ಷರ ಗವಾಯಿಗಳು, ದೇವಗಿರಿಯಲ್ಲಿ 1914ರಲ್ಲಿ ಜನಿಸಿದ ಪುಟ್ಟರಾಜ ಗವಾಯಿಗಳು. ಇಬ್ಬರೂ ಅಂಧರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಿಗೂ ಅನಾಥರಿಗೂ ಅನ್ನ, ವಿದ್ಯೆಗಳನ್ನಿತ್ತ ಈ ಗುರುಪರಂಪರೆ ಆಶ್ರಮದ ನಿರ್ವಾಹಕ್ಕಾಗಿ ನಾಟಕ ಕಂಪನಿಯನ್ನೂ ನಡೆಸಿತು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಪುಟ್ಟರಾಜರು ಹೊಣೆ ಹೊತ್ತರು. ನಾಟಕ ಬರೆದರು, ರಾಗ ಕೂಡಿಸಿದರು, ಶಿಷ್ಯರನ್ನು ತಿದ್ದಿದರು. ನೋಟವಿಲ್ಲದ ಗುರುವಿಗೆ ನಟನ ದನಿಯೇ ಮುಖ. ಚೆಲುವು, ಮೈಕಟ್ಟು, ಮನೆತನ ಇವಾವುವೂ ಅಲ್ಲಿ ಶಿಫಾರಸು ಮಾಡಲಾರವು. 2010ರಲ್ಲಿ ಪುಟ್ಟರಾಜರು ಕಾಲವಾದರು. ಆ ವರ್ಷವೇ ಅವರಿಗೆ ಪದ್ಮಭೂಷಣ ಪ್ರಶಸ್ತಿ ಸಂದಿದ್ದಿತು.

ನಾಯಕಿ ಯಾರು?

ಎಲ್ಲ ಪಾತ್ರಗಳೂ ಹಂಚಿಹೋದ ಮೇಲೆ ಉಳಿಯುವುದು ನಾಯಕಿಯ ಪಾತ್ರ. ಮೊದಲು ಇದಕ್ಕೆ ಮೀಸೆ ಚಿಗುರದ ಹುಡುಗರೇ ಗತಿ. ಏಣಗಿ ಬಾಳಪ್ಪನವರಂಥ ಮಹಾನಟರೂ ತಮ್ಮ ಎಳವೆಯಲ್ಲಿ ಸೀರೆಯುಟ್ಟು ರಂಗವೇರಿದವರೇ. ಷೇಕ್ಸ್‌ಪಿಯರನ ನಾಯಕಿಯರಾಗಿ ನಿಂತವರೂ ಹುಡುಗರೇ. ಇಂಗ್ಲೆಂಡಿನ ಸಾರ್ವಜನಿಕ ರಂಗಭೂಮಿಯ ಮೇಲೆ ವೃತ್ತಿನಟಿ ಕಾಣಿಸಿಕೊಂಡುದು 1660ರಲ್ಲಿ.

ನಮ್ಮ ನಾಡಿನಲ್ಲಿ ಇಪ್ಪತ್ತನೆಯ ಶತಮಾನದ ಆದಿಭಾಗಕ್ಕೇ ನೆರೆಯ ಲಕ್ಷ್ಮೇಶ್ವರದ ಬಚ್ಚಾಸಾನಿ, ಗುಳೇದಗುಡ್ಡದ ಯಲ್ಲೂಬಾಯಿ ಮೊದಲಾದ ದಿಟ್ಟೆಯರು ಸ್ತ್ರೀಯರದೇ ಮಂಡಳಿಗಳನ್ನು ಕಟ್ಟಿದರು. ಅಲ್ಲಿ ಗಂಡುಪಾತ್ರಗಳಿಗೂ ಹೆಂಗಸರೇ! ಜನ ಮುಗಿಬಿದ್ದು ನೋಡಿದರು. ನೋಡಿ ಮೆಚ್ಚಿದವರೇ ಮನೆಗೆ ಹೋಗಿ ತಮ್ಮ ಹೆಣ್ಣುಮಕ್ಕಳಿಗೆ ರಂಗದ ಕಡೆ ಸುಳಿಯಬೇಡಿರೆಂದು ತಾಕೀತು ಮಾಡಿದರು.

ಆದುದರಿಂದ ಹಳ್ಳಿಯ ನಾಟಕಕ್ಕೆ ನಾಯಕಿ ಪರ ಊರಿನಿಂದ ಬರತೊಡಗಿದಳು. ಮುಂಗಡ ಕೊಟ್ಟು ಗೊತ್ತುಮಾಡಿದ ಕಲಾವಿದೆ ಜಾತ್ರೆಯ ಸಮಯಕ್ಕೆ ಬಂದು, ಒಂದೆರಡು ತಾಲೀಮು ಮುಗಿಸಿ, ರಾತ್ರಿಯಿಡೀ ಅತ್ತು ನಕ್ಕು ಹಾಡಿ, ಬೆಳಗಿನ ಬಸ್ಸಿಗೆ ಇನ್ನೊಂದು ಊರಿನ ಹಾದಿ ಹಿಡಿಯುತ್ತಾಳೆ. ಊರ ಜನರ ಕಣ್ಣಲ್ಲಿ ನೀರು ತರಿಸಿದವಳಿಗೆ ಊರಿನಲ್ಲಿ ಗೌರವದ ಒಂದು ಮಾತು ಸಿಕ್ಕಿತೋ ಇಲ್ಲವೋ ಎಂದು ಕೇಳುವವರು ವಿರಳ. ಪಾತ್ರ ಹಂಚುವ ಸಭೆಯ ಮೌನದ ಅರ್ಥ ಇದೇ. ನಾಯಕಿ ಎಲ್ಲರಿಗೂ ಬೇಕು. ತಮ್ಮ ಮನೆಯವಳು ಮಾತ್ರ ಬೇಡ.

ಶೇಷಗಿರಿಯ ದಾರಿ

ಈ ಮೌನ ಈಗ ಅಲ್ಲಲ್ಲಿ ಒಡೆಯುತ್ತಿದೆ. ಹಾನಗಲ್ಲು ತಾಲೂಕಿನ ಶೇಷಗಿರಿ ಎಂಬ ಪುಟ್ಟ ಹಳ್ಳಿ ತನ್ನದೇ ರಂಗಮಂದಿರವನ್ನು ಹೊಂದಿ ನಾಡಿನಲ್ಲಿ ‘ನಾಟಕದ ಊರು’ ಎನಿಸಿದೆ. ಅಲ್ಲಿಯ ಗಜಾನನ ಯುವಕ ಮಂಡಳದಲ್ಲಿ ಹಗಲು ದುಡಿದು ಬಂದವರು ಸಂಜೆ ತಾಲೀಮಿಗೆ ನಿಲ್ಲುತ್ತಾರೆ. ಇಂಥ ತಂಡಗಳಿಗೆ ಹೆಗ್ಗೋಡಿನ ನೀನಾಸಂ ಮೊದಲಾದೆಡೆ ಪಳಗಿದ ನಿರ್ದೇಶಕರು ಬಂದಂತೆ ಪಾತ್ರ ಹಂಚುವ ಬಗೆಯೂ ಬದಲಾಗುತ್ತದೆ. ಮೊದಲ ವಾರ ಯಾರಿಗೂ ಪಾತ್ರವಿಲ್ಲ. ಎಲ್ಲರೂ ಸುತ್ತ ಕುಳಿತು ಎಲ್ಲ ಪಾತ್ರಗಳನ್ನೂ ಓದಬೇಕು. ಇಂದು ರಾಜನ ಮಾತನ್ನು ಓದಿದವನು ನಾಳೆ ದೂತನ ಮಾತನ್ನೋದುತ್ತಾನೆ. ಯಾವ ಮಾತು ಯಾರ ಬಾಯಲ್ಲಿ ಜೀವ ತಳೆಯಿತೆಂಬುದು ಕುಳಿತವರಿಗೆಲ್ಲ ತಾನಾಗಿ ತಿಳಿಯುವುದರಿಂದ ಜಗಳಕ್ಕೆ ಎಡೆ ಕಡಿಮೆ.

ಹಾಗೆ ಸುತ್ತ ಕುಳಿತವರಲ್ಲಿ ಊರಿನ ಒಬ್ಬ ಹೆಣ್ಣುಮಗಳೂ ಇದ್ದರೆ ಅದು ಸಣ್ಣ ಮಾತಲ್ಲ. ಅವಳ ಹಿಂದೆ ಒಪ್ಪಿದ ತಂದೆ, ಒಪ್ಪಿಸಿದ ತಾಯಿ, ನಾಳೆ ನೆರೆಹೊರೆ ಆಡುವ ಮಾತಿಗೆ ಎದೆಯೊಡ್ಡಲು ಸಿದ್ಧವಾದ ಒಂದು ಮನೆಯೇ ನಿಂತಿರುತ್ತದೆ. ಪಾತ್ರ ಅವಳಿಗೆ ಸಿಕ್ಕೀತು, ಸಿಗದಿದ್ದೀತು. ಸಿಗದಿದ್ದರೂ ಚಿಂತೆಯಿಲ್ಲ. ಪರದೆ ಎಳೆಯಲು, ಮರೆಯಲ್ಲಿ ನಿಂತು ಮಾತು ನೆನಪಿಸಲು ಯಾರಾದರೂ ಬೇಕೇ ಬೇಕು. ಒಂದು ತಿಂಗಳು ಅಲ್ಲಿ ನಿಂತವರಿಗೆ ನಾಟಕವೆಲ್ಲ ಬಾಯಿಪಾಠ. ಬರುವ ವರ್ಷ ಪೇಟಿಯ ಮುಂದೆ ಮೊದಲು ದನಿ ಎತ್ತುವವರು ಅವರೇ.